ನಾಲಿಗೆ ಕಟ್ಟಿದ ಅಂಕಿಗಳು

“ಬೇಡ ಮ್ಮಾ. ಆ ಅಂಕಿಗಳ ತಂಟೆಗೆ ಮಾತ್ರ ಹೋಗ್ಬೇಡ. ಅಪ್ಪಡಿಯೇ ವಿಟ್ಟುಡು, ಹಾಗೇ ಬಿಟ್ಬಿಡು.”

ಕಂಪನಿಯ ಹಿರಿಯ ಬದರಿನಾಥರು ದನಿ ತಗ್ಗಿಸಿ ಹೇಳಿದ್ದಕ್ಕೆ ವಂದನಾ ನಕ್ಕುಬಿಟ್ಟಳು. ಅದು 2003ರ ಬೇಸಿಗೆ. ತಮಿಳು ಸೀಮೆಯ ಶೋಳಿಂಗನಲ್ಲೂರಿನ ಆ ಗಾಜಿನ ಕಟ್ಟಡದ ಕಂಪನಿಗೆ ಅವಳು ಕೆಲಸಕ್ಕೆ ಬಂದು ತಿಂಗಳೂ ಆಗಿರಲಿಲ್ಲ. ಹಲವು ಆಸ್ಪತ್ರೆಗಳಿಗೆ ರಕ್ತ ಹೊಂದಿಸಿಕೊಡುವ ಪ್ರೋಗ್ರಾಮುಗಳು ಯಾರೂ ಬಳಸದ ಹಳೆಯ ಕಂಪ್ಯೂಟರ್ ಭಾಷೆಯೊಂದರಲ್ಲಿದ್ದವು. ಆ ಭಾಷೆಯನ್ನು ಯಂತ್ರಕ್ಕೆ ಅರ್ಥವಾಗುವಂತೆ ತಿರುಗಿಸುವ ಕಂಪೈಲರನ್ನು, ಕೆಡುತ್ತಿದ್ದ ಹಳೆಯ ಯಂತ್ರದಿಂದ ಲಿನಕ್ಸ್ ಇರುವ ಹೊಸ ಯಂತ್ರಕ್ಕೆ ತರುವುದು ಅವಳ ಕೆಲಸ. ಎಲ್ಲ ಬಂದಿತ್ತು. ಒಳಗಿದ್ದ ಅಂಕಿಗಳ ಕೋಷ್ಟಕವೊಂದು ಮಾತ್ರ ಹೊಸ ಯಂತ್ರದಲ್ಲಿ ಲೆಕ್ಕ ಕೆಡಿಸುತ್ತಿತ್ತು. ಒಬ್ಬರ ರಕ್ತದ ಗುಂಪು ಇನ್ನೊಬ್ಬರ ಹೆಸರಿನ ಮುಂದೆ ಬರುತ್ತಿತ್ತು.

ಬದರಿನಾಥರು ಅದರ ಕತೆ ಹೇಳಿದರು. ಕಂಪೈಲರ್ ಬರೆದ ಸೀತಾರಾಮನನ್ನು ಕಂಪನಿ ಅವಮಾನಿಸಿ ಹೊರಹಾಕಿತ್ತಂತೆ. ಹೋಗುವ ಮೊದಲು ಅವನು ಮಂತ್ರವಾದಿಯಿಂದ ಬರೆಸಿದ ಅಂಕಿಗಳನ್ನು ಅದರಲ್ಲಿ ಹೂತನಂತೆ: ನನ್ನ ಭಾಷೆ ಕೆಡಿಸಿದವರ ಭಾಷೆ ಹೋಗಲಿ ಎಂದು. ಅವನ್ನು ತೆಗೆಯಲು ಕೈಹಾಕಿದ, ಇದೇ ಕಂಪನಿಯಲ್ಲಿದ್ದ ಗಂಗಾಧರ ಪೂರ್ತಿ ಮುಗಿಸಲಾಗದೆ ಎದ್ದು ಬಂದ. ಅಂದಿನಿಂದ ವಡಪಳನಿಯ ಮನೆಯಲ್ಲಿ ಮೂಕನಾಗಿ ಕೂತಿದ್ದಾನೆ.

“ನಾನು ಕೊಳ್ಳೇಗಾಲದೋಳು ಸಾರ್,” ಎಂದಳು ವಂದನಾ. “ಮಾಟದ ಕತೆ ನಂಗೇ ಹೇಳ್ತೀರಾ?”

ಮಧ್ಯಾಹ್ನ ಕಿಟಕಿಯಿಲ್ಲದ ಯಂತ್ರದ ಕೋಣೆಯಲ್ಲಿ ಕೂತು ಕೋಷ್ಟಕವನ್ನು ಅಳಿಸಿ ಕಂಪೈಲರನ್ನು ಹೊಸದಾಗಿ ಕಟ್ಟಿದಳು. ತೆರೆದು ನೋಡಿದರೆ ಅಂಕಿಗಳು ಅಲ್ಲೇ ಇದ್ದವು. ಮತ್ತೆ ಅಳಿಸಿದಳು, ಮತ್ತೆ ಬಂದವು. ತುಸು ಹೊತ್ತು ಯೋಚಿಸಿದ ಮೇಲೆ ಹೊಳೆಯಿತು. ಹೊಸದನ್ನು ಕಟ್ಟಲು ಅವಳು ಬಳಸುತ್ತಿದ್ದ ಹಳೆಯ ಕಂಪೈಲರೇ ತಾನು ಕಟ್ಟುವ ಪ್ರತಿಯೊಂದರೊಳಗೂ ಅವನ್ನು ಕದ್ದು ತುರುಕುತ್ತಿತ್ತು. ಇದು ಮಾಟವಲ್ಲ, ಮೋಸ ಎಂದುಕೊಂಡಳು. ಆ ಹಳೆಯದರ ಯಂತ್ರಭಾಷೆಯೊಳಕ್ಕೇ ಇಳಿದು ಒಂದೊಂದೇ ಅಂಕಿಯನ್ನು ಕೈಯಿಂದ ಕೀಳತೊಡಗಿದಳು.

ಕರೆಂಟು ಹೋಯಿತು. ಬ್ಯಾಟರಿಯ ಮೇಲೆ ಪರದೆಯೊಂದೇ ಹಸಿರಾಗಿ ಉರಿಯುತ್ತಿತ್ತು. ಸುಟ್ಟ ಕೂದಲ ವಾಸನೆ, ಅದರ ಹಿಂದೆಯೇ ಕೊಳೆತ ನಿಂಬೆಯ ಹುಳಿ ಕಮಟು. ನಿಂತ ಫ್ಯಾನಿನೊಳಗಿಂದ ಯಾರೋ ಪಿಸುಗುಡುತ್ತ ಎಣಿಸುತ್ತಿದ್ದರು. ಕಾವಲಿನವನನ್ನು ಕೂಗಲು ಬಾಯ್ತೆರೆದಳು. ಕಲಿತಿದ್ದ ಅಷ್ಟಿಷ್ಟು ತಮಿಳು ಬರಲಿಲ್ಲ. ಇಂಗ್ಲಿಷೂ ಬರಲಿಲ್ಲ. ಇನ್ನೊಂದು ಅಂಕಿ ಕಿತ್ತಳು. ನೀರು ಎಂಬ ಮಾತು ಹೋಯಿತು. ಇನ್ನೊಂದು. ಊರಿನ ಹೆಸರು ಹೋಯಿತು.

ಬದರಿನಾಥರು ಟಾರ್ಚು ಹಿಡಿದು ಓಡಿಬಂದರು. ಅವಳ ಮುಖ ನೋಡಿದ್ದೇ ಅವರಿಗೆ ಎಲ್ಲ ತಿಳಿಯಿತು.

“ಪೋದುಮ್ಮಾ, ಸಾಕು. ಎದ್ದೇಳು. ಇನ್ನೂ ಸ್ವಲ್ಪ ಮಾತು ಉಳಿದೀತು.”

ಈ ಅಂಕಿಗಳನ್ನು ಹಾಗೇ ಬಿಟ್ಟರೆ ಯಾರ ಮೈಗಾದರೂ ತಪ್ಪು ರಕ್ತ ಇಳಿಯಬಹುದಿತ್ತು. ಅವಳು ಒಲ್ಲೆನೆಂದು ತಲೆಯಾಡಿಸಿದಳು. ಕಿತ್ತಳು. ನಾಲಿಗೆ ಕಲ್ಲಾಯಿತು. ಕಿತ್ತಳು. ಅಮ್ಮ ಎನ್ನಲು ಹೋದಳು. ಬರೀ ಉಸಿರು ಬಂತು. ಕೊನೆಯ ಅಂಕಿ. ಅದನ್ನೂ ಕಿತ್ತಳು.

ಎಣಿಕೆ ನಿಂತಿತು.

ಸಂಜೆ ವಡಪಳನಿಯಿಂದ ಗಂಗಾಧರನ ಹೆಂಡತಿ ಸರಸ ಬದರಿನಾಥರಿಗೆ ಫೋನು ಮಾಡಿ ಅತ್ತಳು. ಗಂಡ ಅವಳನ್ನು ಹೆಸರು ಹಿಡಿದು ಕರೆದು ಕಾಫಿ ಕೇಳಿದ್ದ. ಹೊಸ ಯಂತ್ರದಲ್ಲಿ ರಕ್ತದ ಗುಂಪುಗಳೂ ಸರಿಯಾಗಿ ಬಂದವು. ವಂದನಾಳ ಬಾಯಿಂದ ಮಾತ್ರ ಒಂದಕ್ಷರವೂ ಹೊರಡಲಿಲ್ಲ.

ಆ ವಾರವೇ ಗಂಗಾಧರ ಅವಳನ್ನು ನೋಡಲು ಬಂದ. ಬದರಿನಾಥರು ಬೀರುವಿನಿಂದ ಹಳೆಯ ಟೇಪೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಸೀತಾರಾಮನ ಅಂಕಿಗಳ ಕೊನೆಯ ಪ್ರತಿ ಅದೊಂದೇ. ಹಳೆಯ ಯಂತ್ರಕ್ಕೆ ಅವನ್ನು ತಿರುಗಿ ಸೇರಿಸಿದರೆ ಮಾಟ ಮೊದಲಿನಂತಾಗಿ ಅವಳಿಗೆ ಮಾತು ಬರಬಹುದು, ಆದರೆ ಇವನದು ಮತ್ತೆ ಹೋಗುತ್ತದೆ ಎಂದರು.

ಗಂಗಾಧರ ಟೇಪನ್ನು ಅವಳತ್ತ ಸರಿಸಿದ. “ಹಾಕ್ಬಿಡಿ ಮ್ಮಾ. ನಂಗೆ ಅಭ್ಯಾಸ ಆಗಿದೆ.”

ವಂದನಾ ಅವನನ್ನೇ ನೋಡಿದಳು. ಡ್ರಾಯರಿನಿಂದ ಕತ್ತರಿ ತೆಗೆದಳು. ಕಂದು ಟೇಪನ್ನು ಗೇಣುಗೇಣಾಗಿ ಎಳೆದು ಕತ್ತರಿಸುತ್ತ, ನೀವು ಮಾತಾಡಿ ಎಂದು ಅವನಿಗೆ ಎಡಗೈಯಲ್ಲಿ ಸನ್ನೆ ಮಾಡಿದಳು.