ಶಹೀದನ ಪಾಲಿನ ನೀರು

ಗುದ್ದಲಿಯ ಕಾವು ತೇಜಸ್ವಿಯ ಹಣೆಗೆ ಬಡಿದ ಸದ್ದು ಕಾಲುವೆಯ ಆಚೆಯಿದ್ದ ಕ್ಲೆಮೆಂಟಿನಾಳಿಗೂ ಕೇಳಿಸಿತು. ಅವನು ದಾಳಿಂಬೆ ಸಸಿಗಳ ಮೇಲೆ ಮಗುಚಿ ಬಿದ್ದ. ಶಹೀದ್ ಅಷ್ಟಕ್ಕೇ ಬಿಡಲಿಲ್ಲ, ಎದೆಯ ಮೇಲೆ ಕೂತು ಗುದ್ದತೊಡಗಿದ.

"ಪಾನಿ ಚೋರ್! ಮೇರಾ ಪಾನಿ!"

ಮಸ್ಕತ್‌ನಿಂದ ದೂರದ ಜಬಲ್ ಅಖ್ದರ್ ಬೆಟ್ಟದ ಆ ಹಳ್ಳಿಯಲ್ಲಿ ಬೆಟ್ಟದ ತೋಟಗಳಿಗೆಲ್ಲ ಒಂದೇ ಕಾಲುವೆ. ಯಾರ ಸರದಿಯೋ ಅವರು ಮಾತ್ರ ತಮ್ಮ ತೋಟದ ಬಾಯಿಗಿಟ್ಟ ಕಲ್ಲು ತೆಗೆಯಬೇಕು. ಇಂದು ಪಕ್ಕದ ಗುಲಾಬಿ ತೋಟದ ಶಹೀದನ ಸರದಿ. ಬಂದು ನೋಡಿದರೆ ನೀರೆಲ್ಲ ತೇಜಸ್ವಿಯ ತೋಟದಲ್ಲಿ ನಿಂತಿತ್ತು.

ಕಲ್ಲು ತೆಗೆದವಳು ಹಳ್ಳಿಯ ಕ್ಲಿನಿಕ್ಕಿನ ನರ್ಸ್ ಕ್ಲೆಮೆಂಟಿನಾ. ಮಸ್ಕತ್‌ಗೆ ಹೋಗುವಾಗ ತೇಜಸ್ವಿ, "ಸಸಿಗಳನ್ನ ಸ್ವಲ್ಪ ನೋಡ್ಕೊಳ್ಳಿ ಸಿಸ್ಟರ್" ಎಂದು ನಕ್ಕಿದ್ದ. ಆ ನಗೆ ಅವಳ ತಲೆ ಕೆಡಿಸಿತ್ತು. ಊರಿನಲ್ಲಿ, ಶಿರ್ವದ ಅವಳ ಕೇರಿಯಲ್ಲಿ, ಬಾಡಿದ ಗಿಡ ಕಂಡರೆ ಯಾರು ಬೇಕಾದರೂ ನೀರು ಹಾಕುತ್ತಿದ್ದರು. ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಹಾಗೆಯೇ ಕಲ್ಲು ಎತ್ತಿಟ್ಟಿದ್ದಳು. ಒಳ್ಳೆಯದು ಮಾಡಲು ಹೋಗಿ ಎಂಥ ಎಡವಟ್ಟು!

ಅವಳು ಕಾಲುವೆ ಹಾರಿದಳು. "ಬಿಡೋ ಅವರನ್ನ!" ಶಹೀದ್ ಬಿಡಲಿಲ್ಲ. ಅದೇ ಕಲ್ಲನ್ನು ಎತ್ತಿ ಅವನ ಭುಜಕ್ಕೆ ಅಪ್ಪಳಿಸಿದಳು. ಮೂಳೆ ಲಟಕ್ಕೆಂದಿತು. ಅವನು ಚೀರುತ್ತ ಕೆಸರಿಗೆ ಉರುಳಿದ.

ಜನ ಸೇರಿದರು. ಸರದಿ ನೋಡಿಕೊಳ್ಳುವ ಮುದುಕ ಮಹ್ರೂಫ್ ಬಂದು, ಕಲ್ಲು ತೆಗೆದದ್ದು ಯಾರೆಂದು ಅರಬ್ಬಿಯಲ್ಲಿ ಕೇಳಿದ. ನೀರು ಕದ್ದವನನ್ನು ಕೆಲಸಕ್ಕೆ ಕರೆಸಿಕೊಂಡ ಯಾವ ಕಫೀಲನೂ ಬೆಟ್ಟದ ಮೇಲೆ ಉಳಿಸಿಕೊಳ್ಳುವುದಿಲ್ಲ. ಅದು ಗೊತ್ತಿದ್ದೂ ತೇಜಸ್ವಿ ರಕ್ತ ಉಗುಳುತ್ತ, "ನಾನೇ" ಎಂದ.

ಕ್ಲೆಮೆಂಟಿನಾ ಮುಂದೆ ಬಂದಳು. "ಸುಳ್ಳು! ನಾನು ತೆಗೆದದ್ದು. ಅವರು ಬೆಳಿಗ್ಗೆ ಊರಲ್ಲೇ ಇರಲಿಲ್ಲ, ಈಗಷ್ಟೇ ಮಸ್ಕತ್‌ನಿಂದ ಬಂದದ್ದು."

ಮಹ್ರೂಫ್ ತೀರ್ಪು ಕೊಟ್ಟ: ತೇಜಸ್ವಿಯೂ ಅವಳೂ ಇಲ್ಲೇ ಇರಬಹುದು, ಆದರೆ ನೀರು ಕುಡಿದದ್ದು ತೇಜಸ್ವಿಯ ತೋಟ, ಹಾಗಾಗಿ ಈ ಬೇಸಗೆ ಮುಗಿಯುವವರೆಗೆ ಅವನ ತೋಟದ ಸರದಿಯೆಲ್ಲ ಶಹೀದನಿಗೆ. ಖಲಾಸ್.

ಕ್ಲಿನಿಕ್ಕಿನಲ್ಲಿ ಮೊದಲು ಶಹೀದನ ತೋಳಿಗೆ ಪಟ್ಟಿ ಕಟ್ಟಿ ಕ್ಷಮೆ ಕೇಳಿದಳು. ಅವನು ಗೋಡೆಗೆ ಮುಖ ತಿರುಗಿಸಿದ. ಆಮೇಲೆ ತೇಜಸ್ವಿಯ ಹಣೆ ಹೊಲಿಯಲು ಕೂತಳು. ಅವನ ಊದಿದ ಕಣ್ಣು ಅವಳ ತುಟಿಯನ್ನೇ ನೋಡುತ್ತಿತ್ತು.

"ಯಾಕ್ರೀ ಒಪ್ಕೊಂಡ್ರಿ?" ಎಂದು ತೇಜಸ್ವಿ ಕೇಳಿದ. "ನಾನು ಊರಿಗೆ ಹೋಗಿರ್ತಿದ್ದೆ, ಅಷ್ಟೇ."

"ಅಷ್ಟೇಯಾ? ಮತ್ತೆ ನಾನು ಯಾರನ್ನ ನೋಡ್ಲಿಕ್ಕೆ ದಿನಾ ಆ ದಾರಿಯಲ್ಲಿ ಬರೂದು?"

"ಕ್ಲಿನಿಕ್‌ಗೆ ಅದು ಸುತ್ತು ದಾರಿ ಅಲ್ವಾ?"

"ಸುತ್ತೇ. ಸುಮ್ಮನೆ ಕೂತ್ಕೊಳ್ಳಿ ಮಾರಾಯ್ರೆ." ಅವಳ ಕಣ್ಣು ತುಂಬಿತು. "ನಿಮ್ಮ ಸಸಿಗಳೆಲ್ಲ ಒಣಗಿ ಹೋಗ್ತವೆ."

"ಹೋಗ್ಲಿ. ಮದ್ವೆ ಆದ್ಮೇಲೆ ಇಬ್ರೂ ಸೇರಿ ಬೇರೆ ನೆಡೋಣ."

ಅವಳು ಗಂಟನ್ನು ಬಿಗಿಯಾಗಿ ಎಳೆದಳು. ಅವನು ಹಲ್ಲು ಕಚ್ಚಿದ.

"ಇನ್ನು ಯಾರಾದ್ರೂ ನಿಮ್ಮ ಮೇಲೆ ಕೈ ಮಾಡಿದ್ರೆ ನಾನು ಕೊಂದೇ ಬಿಡ್ತೇನೆ."

"ಪ್ರೀತೀನ ಹೀಗೂ ಹೇಳ್ತಾರಾ?"

"ನಾನು ಹೇಳೂದು ಹೀಗೇ."

ಅವನು ರಕ್ತ ಮೆತ್ತಿದ ಕೈಯಿಂದ ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.