ಶೆಡ್ಡಿನಲ್ಲಿ ಇಳಿಸಿದ ಎಂಜಿನ್

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನನ್ನ ಕೈಯಾರೆ ಮುಟ್ಟಿದ್ದನ್ನಷ್ಟೇ ಹೇಳ್ತೀನಿ. ನನ್ನ ಮಗಳಿಗೆ ತನ್ನ ಹಳೇ ಕಾರಿನ ಎಂಜಿನ್ ಬಿಚ್ಚಿ, ರೇಸಿಗೆ ಓಡೋ ಹಾಗೆ ಮತ್ತೆ ಕಟ್ಟಬೇಕೆಂಬ ಹುಚ್ಚು. ಹೊಸ ಪಿಸ್ಟನ್ನುಗಳನ್ನೂ ತರಿಸಿಟ್ಟಿದ್ದಳು. ಅಷ್ಟರಲ್ಲಿ ಜ್ವರ ಬಂದು, ವಾರದೊಳಗೆ ಹೋಗಿಬಿಟ್ಟಳು. ಏಳು ತಿಂಗಳು ಆ ಕಾರನ್ನು ಯಾರೂ ಮುಟ್ಟಲಿಲ್ಲ.

ಅವಳ ಆಸೆ ಅರ್ಧಕ್ಕೆ ನಿಲ್ಲಬಾರದು ಅಂತ ಒಂದು ಭಾನುವಾರ ಬೆಳಿಗ್ಗೆ ನಾನೂ ಅವಳ ಮೆಕ್ಯಾನಿಕ್ ಗೆಳತಿಯೂ ಶೆಡ್ಡಿನ ತೊಲೆಗೆ ಸರಪಳಿ ಕಟ್ಟಿ ಎಂಜಿನ್ ಮೇಲೆತ್ತಿದೆವು. ಅದು ತೂಗಾಡದಂತೆ ಹಿಡಿಯಲು ಹೋದ ಹುಡುಗಿ ತಟ್ಟನೆ ಕೈ ಹಿಂದಕ್ಕೆಳೆದುಕೊಂಡಳು.

"ಅಂಕಲ್, ಇದನ್ನ ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರಾ?"

"ಬ್ಯಾಟರಿಯೇ ಇಲ್ವಲ್ಲಮ್ಮ."

ನಾನೂ ಮುಟ್ಟಿದೆ. ಸರಪಳಿ ತಣ್ಣಗಿತ್ತು, ಕಾರಿನ ಮೈ ತಣ್ಣಗಿತ್ತು. ಎಂಜಿನ್ ಮಾತ್ರ ಬೆಚ್ಚಗಿತ್ತು. ನನ್ನ ಹೆಂಡತಿ ಬಂದು, ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ಅದರ ಮೇಲೆ ಅಂಗೈ ಇಟ್ಟಳು.

"ಅವಳ ಮೈಯೂ ಹೀಗೇ ಇತ್ತು ರೀ," ಅಂದಳು.

ಬಿಚ್ಚುವ ಧೈರ್ಯ ಯಾರಿಗೂ ಬರಲಿಲ್ಲ. ಮೆಲ್ಲಗೆ ಮೇಜಿನ ಮೇಲೆ ಇಳಿಸಿದೆವು. ನನ್ನವಳು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಕೈ ತೆಗೆಯದೆ ಕೂತಳು. ಕರೆದರೂ ಊಟಕ್ಕೆ ಏಳಲಿಲ್ಲ.

ಮೂರನೇ ದಿನ ಮಧ್ಯಾಹ್ನ ತಾನಾಗಿಯೇ ಎದ್ದು ಒಳಗೆ ಬಂದಳು.

"ತಣ್ಣಗಾಯ್ತು ರೀ," ಅಂದಳು.