ಐದು ಬೆರಳು

ಬಾಗಿಲಲ್ಲಿ ನಿಂತ ಗಂಡಸು ಮಾನಸಿಯ ಮುಖ ನೋಡಲಿಲ್ಲ. ಅವಳ ಭುಜದಾಚೆ, ಬಾಲ್ಕನಿಯ ಕಡೆಗೆ ನೋಡುತ್ತಿದ್ದ.

“ತಪ್ಪು ತಿಳೀಬೇಡಿ ಮೇಡಂ. ನೀವು ನನ್ನ ಆಂಟೆನಾದ ಮೇಲೆ ಲಂಗ ಒಣಗಿಸಿದ್ದೀರಿ.”

ಅವಳು ತಿರುಗಿ ನೋಡಿದಳು. ಮೇಲಿನಿಂದ ಇಳಿಬಿದ್ದಿದ್ದ ತಂತಿಯನ್ನು ಬೆಳಿಗ್ಗೆ ಯಾರೋ ಬಿಟ್ಟುಹೋದ ಹಗ್ಗವೆಂದುಕೊಂಡು ಕಂಬಿಗೆ ಬಿಗಿದು, ಒದ್ದೆ ಲಂಗ ಹರವಿದ್ದಳು.

“ನಿಮ್ಮ ಆಂಟೆನಾಗೆ ನನ್ನ ಬಾಲ್ಕನೀಲಿ ಏನ್ರೀ ಕೆಲಸ?”

“ಗಾಳಿ ಮಾರಾಯ್ರೆ. ಅದು ಬಿಡಿ, ಎಷ್ಟು ದೂರದ ಸ್ಟೇಷನ್ ಹಿಡಿದಿದ್ದೆ ಗೊತ್ತುಂಟಾ? ನಿಮ್ಮ ಲಂಗ ಬಿದ್ದದ್ದೇ, ಸತ್ತೇ ಹೋಯ್ತು.”

ಅಮ್ಮ ತೀರಿಕೊಂಡ ಮೇಲೆ ಆ ಮನೆಯಲ್ಲಿ ಮೊದಲ ಸಲ ಮಾನಸಿ ಗಟ್ಟಿಯಾಗಿ ನಕ್ಕಳು. ಅವಳಿಗೆ ಆಗ ನಲವತ್ತಮೂರು. ಮೈಸೂರು ಬಿಟ್ಟು ಮರಾಠಿ ನಾಡಿನ ಐರೋಲಿಗೆ ಬಂದು ಹದಿನೆಂಟು ವರ್ಷ; ಮದುವೆಯ ಮಾತು ಬಂದಾಗಲೆಲ್ಲ ಅಮ್ಮನ ಕಾಯಿಲೆ ಅಡ್ಡ ಬಂದು, ಕೊನೆಗೆ ಆ ಮಾತನ್ನೇ ಎಲ್ಲರೂ ಮರೆತಿದ್ದರು.

ಸರ್ವೋತ್ತಮ ಮೇಲಿನ ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದವನು. ಕುಂದಾಪುರದ ಕಡೆಯವನು, ಹಡಗುಗಳಲ್ಲಿ ರೇಡಿಯೋ ಆಫೀಸರ್ ಆಗಿದ್ದವನು. ಇದ್ದ ದೊಡ್ಡ ಸೆಟ್ಟಿನ ಬದಲು ಈಗ ಅವನಿಗೊಂದು, ದೂರದೇಶಗಳ ಸ್ಟೇಷನ್ ಹಿಡಿಯುವ ಶಾರ್ಟ್‌ವೇವ್ ಸೆಟ್ಟು ಬೇಕಿತ್ತು. ಬ್ಯಾಗಿನಲ್ಲಿ ಹಿಡಿಯುವಂಥದ್ದು, ಮಡಚಿ ಒಯ್ಯುವ ಆಂಟೆನಾ ಸಮೇತ. “ಎಲ್ಲಿಗೆ ಹೋದರೂ ನನ್ನ ಜೊತೆ ಬರ್ಬೇಕು” ಎಂದಿದ್ದ. ಎಲ್ಲಿಗೆ ಹೋಗುತ್ತೀರಿ ಎಂದು ಕೇಳಲು ಅವಳಿಗೆ ಹೊಳೆಯಲೇ ಇಲ್ಲ.

“ನೀವು ಎಂತ ಕೆಲಸ ಮಾಡೋದು?”

“ಕಾಲ್ ಸೆಂಟರ್‌ನಲ್ಲಿ ಕ್ವಾಲಿಟಿ ಆಡಿಟ್. ಹೆಡ್‌ಫೋನ್ ಹಾಕ್ಕೊಂಡು ಇಡೀ ದಿನ ಬೇರೆಯವರ ಮಾತು ಕೇಳಿ ಮಾರ್ಕ್ಸ್ ಹಾಕೋದು. ಸುಳ್ಳು ಹೇಳಿದವರಿಗೆ ಸೊನ್ನೆ.”

ಅವನ ಕಣ್ಣು ಅರಳಿತು. “ಹಾಗಾದ್ರೆ ನಿಮ್ಮ ಕಿವಿ ಬಂಗಾರ ಮಾರಾಯ್ರೆ! ನಂಗೆ ಕೊಡಿ ಸ್ವಲ್ಪ ದಿನ.”

ಅವಳು ಕೊಟ್ಟಳು.

ಕಟ್ಟಡದೊಳಗೆ ಲಿಫ್ಟು, ಎಲ್‌ಇಡಿ ದೀಪ, ಚಾರ್ಜರುಗಳದ್ದೆಲ್ಲ ಸೇರಿ ರೇಡಿಯೋದಲ್ಲಿ ಬರೀ ಜರ್ರೆನ್ನುವ ಗದ್ದಲ. ಅದಕ್ಕೇ ಶನಿವಾರ ಸಂಜೆಗಳಲ್ಲಿ ಇಬ್ಬರೂ ಕಡಲಿನ ಹಿನ್ನೀರಾದ ಖಾಡಿಯ ಅಂಚಿಗೆ ನಡೆಯುತ್ತಿದ್ದರು. ಡೊಂಬಿವಲಿಯಲ್ಲಿ ಹಳೆ ರೇಡಿಯೋ ರಿಪೇರಿ ಮಾಡಿ ಮಾರುವ ವಿಜಯಪುರದ ಬಾಲಪ್ಪ ಒಂದೊಂದು ವಾರಕ್ಕೆ ಒಂದೊಂದು ಸೆಟ್ಟನ್ನು ಕೇಳಿ ನೋಡಲು ಕೊಡುತ್ತಿದ್ದ. ಸರ್ವೋತ್ತಮ ಅವಳ ತಲೆಗೆ ತಾನೇ ಹೆಡ್‌ಫೋನ್ ತೊಡಿಸುವನು. ಸಿಕ್ಕಿಕೊಂಡ ಕೂದಲನ್ನು ಒಂದೇ ಬೆರಳಿನಿಂದ ಬಿಡಿಸಿ ಕಿವಿಯ ಹಿಂದೆ ಸರಿಸುವನು. ಆಮೇಲೆ ಸುರುಳಿ ತಂತಿಯನ್ನು ಬಿಚ್ಚುತ್ತ ಉಪ್ಪುನೀರಿನಲ್ಲಿ ಬೆಳೆದ ಕಾಂಡ್ಲಾ ಮರಗಳತ್ತ ದೂರ ಹೋಗಿ, ತಿರುಗಿ ನಿಂತು ಕೂಗುವನು: “ಎಷ್ಟು?”

ಅವಳು ಬೆರಳು ಎತ್ತಬೇಕು. ಒಂದೆಂದರೆ ಬರೀ ಗದ್ದಲ. ಮೂರೆಂದರೆ ಕಿವಿಗೊಟ್ಟರೆ ಮಾತು. ಐದೆಂದರೆ ಎದುರು ಕುಳಿತು ಹೇಳಿದಂತೆ. ಮೊದಲ ಸಲ ಐದು ಬೆರಳೂ ಎತ್ತಿದ ಸಂಜೆ ಅವನು ಓಡಿ ಬಂದು ತನ್ನ ಅಂಗೈಯನ್ನು ಅವಳ ಅಂಗೈಗೆ ಒತ್ತಿ ಹಿಡಿದ. ಕೆಂಪಾದ ನೀರಿನಾಚೆ ರೈಲು ದಾಟಿಹೋಯಿತು. ಅವನು ಕೈ ತೆಗೆದದ್ದು ಆಮೇಲೆ.

“ನೀವೇ ನನ್ನ ಕಿವಿ” ಎಂದ.

ಇನ್ನೊಂದು ವಿಷಯವನ್ನು ಅವಳು ಗಮನಿಸಿದ್ದಳು. ನಡೆಯುವಾಗ, ರೈಲಿನಲ್ಲಿ ಕೂರುವಾಗ, ಅವಳನ್ನು ಯಾವಾಗಲೂ ತನ್ನ ಬಲಕ್ಕೇ ಕರೆದುಕೊಳ್ಳುತ್ತಿದ್ದ. ಪೂಜೆಗೆ ಕೂತ ಗಂಡನ ಬಲಕ್ಕೆ ಕೂರುವವಳು ಯಾರೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕೊನೆಗೆ ಎರಡು ಸೆಟ್ಟು ಉಳಿದವು. ಒಂದು ಕಪ್ಪು, ಹಳೆಯದು, ಅಂಚು ಸವೆದದ್ದು, ಸುರುಳಿ ತಂತಿಯ ಜೊತೆಗೆ. ಇನ್ನೊಂದು ಬೂದು ಬಣ್ಣದ್ದು. ಹೊಳೆಯುವ ಹೊಸದು, ಎಳೆದರೆ ಉದ್ದವಾಗುವ ಕಡ್ಡಿಯದ್ದು. ಎರಡನ್ನೂ ಚೀಲಕ್ಕೆ ಹಾಕುತ್ತ, ಸರ್ವೋತ್ತಮನ ಎಡಗಡೆ ನಿಂತಿದ್ದ ಬಾಲಪ್ಪ ನಕ್ಕ.

“ಸಾಹೇಬ್ರ, ನೀವ್ ಸುಮ್ನಿರ್ರಿ. ವೈನಿ ಯಾವ್ದು ಚಲೋ ಅಂತಾರ ಅದನ್ನ ಇಟ್ಕೋರಿ. ಮನ್ಯಾಗ ನಡಿಯೂದು ಅವ್ರ ಮಾತೇ ಹೌದಿಲ್ರಿ?”

ವೈನಿ. ಅಣ್ಣನ ಹೆಂಡತಿಗೆ ಆ ಕಡೆಯವರು ಕರೆಯುವ ಮಾತು. ಮಾನಸಿಯ ಕಿವಿ ಬಿಸಿಯಾಯಿತು. ಸರ್ವೋತ್ತಮನನ್ನು ನೋಡಿದಳು. ಅವನು ಅಲ್ಲವೆನ್ನಲಿಲ್ಲ. ಮೆಲ್ಲಗೆ ಮುಗುಳ್ನಕ್ಕು ತಲೆಯಾಡಿಸಿದ.

ಆ ಮುಗುಳ್ನಗೆಯನ್ನು ಅವಳು ಒಂದು ವಾರ ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದಳು. ಗಿಳಿಹಸಿರು ಸೀರೆಗೆ ಹೊಸ ಕುಪ್ಪಸ ಹೊಲಿಸಿದಳು.

ಶನಿವಾರ ಖಾಡಿಯ ದಂಡೆಯಲ್ಲಿ, ಅವನು ತಂತಿ ಬಿಡಿಸುತ್ತ ಕೂತಿದ್ದಾಗ, ಧೈರ್ಯ ಮಾಡಿ ಪಕ್ಕದಲ್ಲಿ ಕೂತಳು. ಅವಸರದಲ್ಲಿ ಎಡಕ್ಕೆ ಕೂತಳು.

“ಬಾಲಪ್ಪ ನನ್ನನ್ನ ವೈನಿ ಅಂದಾಗ ನೀವು ಸುಮ್ಮನಿದ್ರಿ. ಯಾಕೆ?”

ಅವನು ಮುಗುಳ್ನಕ್ಕು ತಲೆಯಾಡಿಸಿದ. ಅದೇ ನಗು. ಅವಳು ಕಾದಳು. ಅವನು ತಂತಿ ಬಿಡಿಸುತ್ತಲೇ ಇದ್ದ.

“ನಿಮ್ಮನ್ನೇ ಕೇಳಿದ್ದು ರೀ!”

ಈಗ ತಿರುಗಿದ. “ಎಂತ ಹೇಳಿದಿರಿ? ಈ ಕಡೆ ಬನ್ನಿ ಮಾರಾಯ್ರೆ. ಎಡಗಿವಿ ಪೂರ್ತಿ ಹೋಗಿದೆ ನಂಗೆ, ಬಲದ್ದು ಅರ್ಧ. ಅದಕ್ಕೇ ಅಲ್ವಾ ನಿಮ್ಮನ್ನ ಬಲಕ್ಕೆ ನಡೆಸೋದು?”

ಅವಳು ಬಲಕ್ಕೆ ಬಂದಳು. ಇನ್ನೊಮ್ಮೆ ಹೇಳಿದಳು. ಅಷ್ಟರಲ್ಲಿ ದನಿ ಸಣ್ಣಗಾಗಿತ್ತು.

ಸರ್ವೋತ್ತಮ ತೊಡೆ ತಟ್ಟಿ ನಕ್ಕ. “ವೈನಿಯಾ? ನಿಮಗಾ? ಅಯ್ಯೋ ಬಾಲಪ್ಪನೇ! ಪ್ರಕೃತಿಗೆ ಹೇಳ್ಬೇಕು, ಬಿದ್ದು ಬಿದ್ದು ನಗ್ತಾಳೆ.”

“ಪ್ರಕೃತಿ ಯಾರು?”

“ಹೇಳ್ಲಿಲ್ವಾ ನಾನು? ಇಲ್ಲೇ ಘೋಡಬಂದರ್ ರಸ್ತೆಯಲ್ಲಿ ಅವಳ ಮನೆ. ಬರುವ ತಿಂಗಳು ನಮ್ಮ ರಿಜಿಸ್ಟರ್ ಮದುವೆ, ಆಮೇಲೆ ಊರಿಗೆ, ಮರವಂತೆಗೆ. ಕಡಲ ಎದುರು ಮನೆ ಉಂಟು, ಅಲ್ಲಿ ಕೇಳ್ಲಿಕ್ಕೇ ಈ ಸೆಟ್ಟು. ಕಿವಿಯ ವಿಷಯ ಅವಳಿಗೆ ಹೇಳಿಲ್ಲ. ಈಗ ಎಲ್ಲಾ ಸ್ಟೇಷನ್ನೂ ನಂಗೆ ಒಂದೇ ಥರ ಮಳೆ ಹೊಯ್ದ ಹಾಗೆ ಕೇಳ್ತದೆ. ಸೆಟ್ಟಾದ್ರೂ ಒಳ್ಳೇದು ಇದ್ರೆ, ಬಲಗಿವಿಗೆ ಅಷ್ಟೋ ಇಷ್ಟೋ ಮಾತು ಸಿಕ್ಕೀತು. ಅದಕ್ಕೇ ನಿಮ್ಮನ್ನ ಇಷ್ಟು ಕಾಡಿದ್ದು.” ಅವಳ ಸೀರೆಯ ಕಡೆ ಈಗ ಕಣ್ಣು ಹೋಯಿತು. “ಎಂತ, ಇವತ್ತು ಯಾವುದಾದ್ರೂ ಫಂಕ್ಷನ್ನಾ?”

“ಹೌದು” ಎಂದಳು ಮಾನಸಿ.

ಅವನು ಅವಳಿಗೆ ಹೆಡ್‌ಫೋನ್ ತೊಡಿಸಿದ. ಕೂದಲು ಸರಿಸಿದ. ಅದೇ ಬೆರಳು. ತಂತಿ ಹಿಡಿದು ದೂರ ಹೋದ. ಕಪ್ಪು ಸೆಟ್ಟಿನಲ್ಲಿ ಯಾವುದೋ ದೇಶದ ಹೆಂಗಸೊಬ್ಬಳು ಗೊತ್ತಿಲ್ಲದ ಭಾಷೆಯಲ್ಲಿ, ಉಸಿರೆಳೆದುಕೊಂಡದ್ದೂ ಕೇಳುವಷ್ಟು ಹತ್ತಿರ, ಏನೋ ಓದುತ್ತಿದ್ದಳು.

“ಎಷ್ಟು?”

ಮಾನಸಿ ಎರಡು ಬೆರಳು ಎತ್ತಿದಳು.

ಅವನು ಬಂದು ಬೂದು ಸೆಟ್ಟಿನ ಕಡ್ಡಿ ಎಳೆದು ಅವಳ ಕೈಗೆ ಕೊಟ್ಟು, ಎದುರಿಗೆ ಕುಕ್ಕರುಗಾಲಲ್ಲಿ ಕೂತ. ಕಿವಿಯಲ್ಲಿ ಬಾಣಲೆಯಲ್ಲಿ ಎಣ್ಣೆ ಸಿಡಿದಂಥ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಅವನ ಕಣ್ಣು ಅವಳ ಕೈಯ ಮೇಲಿತ್ತು. ಪರೀಕ್ಷೆಯ ಫಲಿತಾಂಶ ನೋಡುವವನ ಹಾಗೆ.

ಅವಳು ಐದೂ ಬೆರಳು ಬಿಡಿಸಿ ಎತ್ತಿ ಹಿಡಿದಳು. ಅವನ ಅಂಗೈ ಬಂದು ಅದಕ್ಕೆ ಒತ್ತಿತು.

ಮದುವೆಗೆ ಅವಳು ಹೋಗಲಿಲ್ಲ. ಕಪ್ಪು ಸೆಟ್ಟನ್ನು ಬಾಲಪ್ಪನಿಂದ ತಾನೇ ಕೊಂಡಳು. “ಸಾಹೇಬ್ರು ಬರ್ಲಿಲ್ಲೇನ್ರಿ ವೈನಿ?” ಎಂದ ಅವನು. ಅವಳು ಮುಗುಳ್ನಕ್ಕು ತಲೆಯಾಡಿಸಿದಳು.

ಎರಡು ತಿಂಗಳ ಮೇಲೆ ಒಂದು ಭಾನುವಾರ ಸಂಜೆ ಫೋನು ಬಂತು.

“ಮಾನಸಿಯವರೇ, ನಮ್ಮಿಬ್ಬರ ಪಂಚಾಯ್ತಿಗೆ ಫೋನ್ ಮಾಡ್ತಾ ಇದ್ದೇನೆ. ಪ್ರಕೃತಿ ಇದ್ರಲ್ಲಿ ಬರೀ ಸದ್ದು ಅಂತಾಳೆ. ಅವಳಿಗೆ ಎಂತ ಗೊತ್ತು? ನೀವು ಐದು ಕೊಟ್ಟ ಸೆಟ್ಟು! ಫೋನ್ ಹತ್ರ ಇಡ್ತೇನೆ, ಕೇಳಿ ಹೇಳಿ. ಎಷ್ಟು?”

ಎಣ್ಣೆ ಸಿಡಿಯುವ ಅದೇ ಸದ್ದು. ಈಗ ನಿಜ ಹೇಳಬಹುದಿತ್ತು. ಆದರೆ ಕಡಲಿನೆದುರಿನ ಆ ಮನೆಯಲ್ಲಿ ಅವನು ಹೆಂಡತಿಯ ಮಾತು ತಳ್ಳಿಹಾಕಿ ತನ್ನ ಮಾತು ನಂಬಿ ಕೂತಿದ್ದ. ಅವಳಿಗೆ ಅವನಿಂದ ದಕ್ಕಿದ್ದು ಅದೊಂದೇ.

“ಐದು” ಎಂದಳು.

“ಕೇಳಿದ್ಯಾ!” ಎಂದು ಅವನು ಕುಣಿದದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಬೇರೆ ದನಿ, ಮೆತ್ತಗಿನ ಹೆಣ್ಣುದನಿ.

“ನಾನು ಪ್ರಕೃತಿ. ಅವರು ಸೆಟ್ ಹಿಡ್ಕೊಂಡು ಅಂಗಳಕ್ಕೆ ಹೋದ್ರು. ಅದರಲ್ಲಿ ಏನೂ ಇಲ್ಲ ಅಂತ ನಿಮಗೂ ಗೊತ್ತು ಅಲ್ವಾ? ಅವರ ಕಿವಿ ವಿಷಯ ನಂಗೆ ಮದುವೆಗೆ ಮುಂಚೇನೇ ಗೊತ್ತು. ಹೇಳಿಕೊಳ್ಳೋಕೆ ಅವರಿಗೆ ನಾಚಿಕೆ. ನಾನು ಪೆದ್ದಿ, ಸದ್ದು ಸದ್ದು ಅಂತ ನೋಯಿಸ್ತಿದ್ದೆ. ಮನಸ್ಸು ನೋಯಬಾರದು ಅಂತ ನೀವು ಐದು ಅಂದ್ರಿ. ತುಂಬಾ ದೊಡ್ಡ ಮನಸ್ಸು ನಿಮ್ಮದು. ಇನ್ನು ನಿಮಗೆ ತೊಂದರೆ ಕೊಡಲ್ಲ, ನಾನೇ ನೋಡ್ಕೋತೀನಿ.”

ಮಾನಸಿ ಬಾಯಿ ತೆರೆದಳು. ಅಷ್ಟರಲ್ಲಿ ಆಚೆ, ಅಂಗಳದ ದೂರದಿಂದ, ಅವನ ಕೂಗು ಕೇಳಿಸಿತು.

“ಎಷ್ಟು?”

ಆಮೇಲೆ ಒಂದು ಕ್ಷಣ ಏನೂ ಇಲ್ಲ. ಬೆರಳಿಗೆ ಸದ್ದಿಲ್ಲವಲ್ಲ. ಆಮೇಲೆ ಅವನು ಓಡಿ ಬಂದ ಹೆಜ್ಜೆಸದ್ದು, ಅಂಗೈಗೆ ಅಂಗೈ ತಾಗಿದ ಚಪ್ಪಾಳೆ.